ಹ್ಯಾರಿ ಡೀನ್ ಸ್ಟಾಂಟನ್ ಅವರ ಮುಖ

ಹ್ಯಾರಿ ಡೀನ್ ಸ್ಟಾಂಟನ್ ನನಗೆ ತುಂಬಾ ಇಷ್ಟದ ನಟ. 1926ರಲ್ಲಿ ಕೆಂಟಕಿಯಲ್ಲಿ ಹುಟ್ಟಿದವರು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ನೌಕಾಪಡೆ ಹಡಗಿನಲ್ಲಿ ಅಡುಗೆ ಕೆಲಸ, ಓಕಿನಾವಾ ಕದನದ ಹೊತ್ತಿಗೂ ಅಲ್ಲೇ ಇದ್ದರು. ಆಮೇಲೆ ಹಾಲಿವುಡ್. ಟಿವಿ ವೆಸ್ಟರ್ನ್‌ಗಳಲ್ಲಿ (ಕೌಬಾಯ್ ಕಥೆಗಳಲ್ಲಿ) ಬಂದು ಹೋಗುವ ಪಾತ್ರಗಳು, 'ಕೂಲ್ ಹ್ಯಾಂಡ್ ಲ್ಯೂಕ್'ನಲ್ಲಿ ಹಾಡುವ ಕೈದಿ, 'ಏಲಿಯನ್'ನಲ್ಲಿ ಬೆಕ್ಕು ಹುಡುಕಲು ಹೋಗಿ ಸಾಯುವ ಬ್ರೆಟ್, ಹೀಗೇ ಸುಮಾರು ಮೂವತ್ತು ವರ್ಷ!

'ಪ್ಯಾರಿಸ್, ಟೆಕ್ಸಾಸ್' ಬಂದಿದ್ದು 1984ರಲ್ಲಿ, ಆಗ ಅವರಿಗೆ 58ರ ಹತ್ತಿರ. ಕೆಂಪು ಟೋಪಿ ಹಾಕಿಕೊಂಡು ಮರುಭೂಮಿಯಲ್ಲಿ ಸುಮ್ನೆ ನಡೆಯುತ್ತಾರೆ, ಎಷ್ಟೋ ಹೊತ್ತು ಒಂದು ಮಾತೂ ಆಡುವುದಿಲ್ಲ, ಆದರೂ ಅವರ ಮೇಲಿಂದ ಕಣ್ಣು ತೆಗೆಯಲು ಆಗುವುದಿಲ್ಲ. ಕೊನೆಗೆ ಗಾಜಿನ ಆಚೆ ಕೂತ ಹೆಂಡತಿಗೆ ಫೋನಿನಲ್ಲಿ ತಮ್ಮಿಬ್ಬರ ಕಥೆಯನ್ನೇ ಬೇರೆ ಯಾರದೋ ಎಂಬಂತೆ ಹೇಳುವ ದೃಶ್ಯವಿದೆಯಲ್ಲ, ಅಲ್ಲಿ ನಾನು ಪ್ರತಿ ಸಲ ಅಳುತ್ತೇನೆ. ಇಂಥವರಿಗೆ ನಾಯಕನ ಪಾತ್ರ ಕೊಡಲು ಅಷ್ಟು ತಡ ಮಾಡಿದರಲ್ಲ ಅಂತ ಸಂಕಟವಾಗುತ್ತದೆ. ಆದರೆ ಆ ಮೂವತ್ತು ವರ್ಷ ಇಲ್ಲದಿದ್ದರೆ ಆ ಮುಖವೂ ಇರುತ್ತಿರಲಿಲ್ಲ, ಅಲ್ವಾ?

ಆ ಸಿನಿಮಾ ಫ್ರಾನ್ಸಿನ ಕಾನ್ ಚಲನಚಿತ್ರೋತ್ಸವದಲ್ಲಿ ಅಲ್ಲಿನ ಅತ್ಯುನ್ನತ ಪ್ರಶಸ್ತಿಯಾದ ಪಾಮ್ ಡಿಓರ್ ಗೆದ್ದಿತು. ಅವರು ಮತ್ತೆ ಚಿಕ್ಕ ಪಾತ್ರಗಳನ್ನು ಅಷ್ಟೇ ಶ್ರದ್ಧೆಯಿಂದ ಮಾಡುತ್ತಾ ಹೋದರು. 2017ರ ಸೆಪ್ಟೆಂಬರ್‌ನಲ್ಲಿ, 91ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರೇ ನಾಯಕನಾಗಿದ್ದ 'ಲಕ್ಕಿ' ಅದೇ ತಿಂಗಳ ಕೊನೆಗೆ ಅಮೆರಿಕದ ಥಿಯೇಟರ್‌ಗಳಿಗೆ ಬಂತು. ಸಿಕ್ಕರೆ ದಯವಿಟ್ಟು ನೋಡಿ.