ಯಾವ ಅಧಿಕಾರದಿಂದ? ಶ್ರಮಾವಾರದ ಒಂದು ಧ್ಯಾನ

ಯೇಸು ಯೆರೂಸಲೇಮನ್ನು ಪ್ರವೇಶಿಸಿದ ಗರಿಗಳ ಭಾನುವಾರದ ಜಯಘೋಷ ಅಡಗಿದ ಮೇಲೆ, ಅಲ್ಲಿನ ದೇವಾಲಯದಲ್ಲಿ ಉಪದೇಶ ಮಾಡುತ್ತಿದ್ದ ಆತನ ಬಳಿಗೆ ಮಹಾಯಾಜಕರೂ ಪ್ರಜೆಯ ಹಿರಿಯರೂ ಬಂದು, ಇದನ್ನೆಲ್ಲ ನೀನು ಯಾವ ಅಧಿಕಾರದಿಂದ ಮಾಡುತ್ತಿದ್ದೀ, ಆ ಅಧಿಕಾರವನ್ನು ನಿನಗೆ ಕೊಟ್ಟವರು ಯಾರು ಎಂದು ಕೇಳಿದ ಪ್ರಸಂಗ ಮತ್ತಾಯನ ಸುವಾರ್ತೆಯ 21ನೆಯ ಅಧ್ಯಾಯದಲ್ಲಿದೆ. ದೇವಾಲಯದಲ್ಲಿ ಹಣ ಬದಲಾಯಿಸುತ್ತಿದ್ದ ಚಿನಿವಾರರ ಮೇಜುಗಳನ್ನೂ ಪಾರಿವಾಳ ಮಾರುವವರ ಕಾಲ್ಮಣೆಗಳನ್ನೂ ಆತನು ಕೆಡವಿಹಾಕಿದ್ದನ್ನು ಅವರು ಮರೆತಿರಲಿಲ್ಲ. ಕೇಳಿದವರು ಅನ್ಯಜನರಲ್ಲ, ಧರ್ಮಶಾಸ್ತ್ರವನ್ನು ಬಾಯಿಪಾಠ ಬಲ್ಲವರು, ದೇವರ ಮನೆಯಲ್ಲೇ ಬೆಳೆದವರು. ಜನರೆಲ್ಲ ಪ್ರವಾದಿಯೆಂದು ಎಣಿಸಿದ್ದ ಸ್ನಾನಿಕ ಯೋಹಾನನ ದೀಕ್ಷಾಸ್ನಾನವು ಪರಲೋಕದಿಂದ ಬಂದದ್ದೋ ಮನುಷ್ಯರಿಂದ ಬಂದದ್ದೋ ಎಂದು ಯೇಸು ಅವರನ್ನು ಮರಳಿ ಕೇಳಿದಾಗ ಅವರು ತಮ್ಮತಮ್ಮೊಳಗೆ ಲೆಕ್ಕ ಹಾಕಿದರು. ಪರಲೋಕದಿಂದ ಎಂದರೆ ಅದನ್ನು ನಂಬಬೇಕಾಗುತ್ತದೆ, ಮನುಷ್ಯರಿಂದ ಎಂದರೆ ಜನರಿಗೆ ಹೆದರಬೇಕಾಗುತ್ತದೆ. ಕಡೆಗೆ ‘ನಾವರಿಯೆವು’ ಎಂದರು. ಯೇಸುವಿನ ಶಿಲುಬೆಯ ಮರಣವನ್ನು ನೆನೆಯುವ ಶ್ರಮಾವಾರ ಬಂದಾಗಲೆಲ್ಲ ನನ್ನನ್ನು ಬಹಳ ನೋಯಿಸುವ ಉತ್ತರ ಅದು, ಏಕೆಂದರೆ ಸತ್ಯವನ್ನು ಒಪ್ಪಿಕೊಂಡರೆ ಅದಕ್ಕೆ ಅಧೀನರಾಗಬೇಕಾದೀತೆಂಬ ಭಯದಿಂದಲೇ ಅವರು ಅರಿಯೆವೆಂದರು.

ಯೇಸುವನ್ನು ಸಂತೈಸುವವನೆಂದು, ರೋಗ ವಾಸಿಮಾಡುವವನೆಂದು, ಕೈಬಿಡದ ಸ್ನೇಹಿತನೆಂದು ಕರೆಯಲು ನಮಗೆ ಕಷ್ಟವಿಲ್ಲ. ಆತನು ನಮ್ಮ ಮೇಲೆ ಅಧಿಕಾರವುಳ್ಳವನು ಎಂಬ ಮಾತು ಮಾತ್ರ ಗಂಟಲಿನಿಂದ ಕೆಳಗೆ ಇಳಿಯುವುದಿಲ್ಲ. ಮಕ್ಕಳ ಮದುವೆ, ಮನೆ ಕಟ್ಟುವುದು, ಕೆಲಸ ಬಿಡುವುದು, ಒಡಹುಟ್ಟಿದವರೊಂದಿಗಿನ ಆಸ್ತಿಯ ತಗಾದೆ ಎಲ್ಲವನ್ನೂ ನಾವು ಮೊದಲೇ ತೀರ್ಮಾನಿಸಿ, ಬರೆದು ಮುಗಿಸಿದ ಅರ್ಜಿಗೆ ರುಜು ಹಾಕಿಸಿಕೊಳ್ಳುವವರಂತೆ ಪ್ರಾರ್ಥನೆಗೆ ಬರುತ್ತೇವೆ. ಶ್ರಮದಿನಗಳಲ್ಲಿ ಮಾಂಸ ಬಿಡುತ್ತೇವೆ, ಕೆಲವರು ಚಹಾ ಬಿಡುತ್ತಾರೆ, ಅದು ಒಳ್ಳೆಯದೇ. ಆದರೆ ತನ್ನ ಮಾತೇ ನಡೆಯಬೇಕೆಂಬ ಹಟವನ್ನು ಬಿಟ್ಟು ಈಸ್ಟರ್ ಹಬ್ಬಕ್ಕೆ ಬಂದವರನ್ನು ಕಾಣುವುದು ಅಪರೂಪ.

ಆ ವಾರದಲ್ಲಿ ಮೊದಲು ಅಧೀನರಾದವರು ಹೆಸರಿಲ್ಲದ ಒಂದು ಮನೆಯವರು. ಬೇತ್ಫಗೆಯ ಹತ್ತಿರದ ಹಳ್ಳಿಯ ಬೀದಿಯಲ್ಲಿ, ಬಾಗಿಲ ಹೊರಗೆ, ಯಾರೂ ಅದುವರೆಗೆ ಹತ್ತದಿದ್ದ ಕತ್ತೇಮರಿಯೊಂದನ್ನು ಕಟ್ಟಿತ್ತೆಂದು ಮಾರ್ಕನು ಬರೆಯುತ್ತಾನೆ. ಯೇಸು ಅದನ್ನೇರಿ ಯೆರೂಸಲೇಮಿಗೆ ಹೋಗಲೆಂದು ಶಿಷ್ಯರು ಹೋಗಿ ಹಗ್ಗ ಬಿಚ್ಚುತ್ತಿರುವಾಗ, ಮರಿಯನ್ನೇಕೆ ಬಿಚ್ಚುತ್ತೀರಿ ಎಂದು ಅದರ ಒಡೆಯರೇ ಕೇಳಿದರೆಂದು ಲೂಕನು ಹೇಳುತ್ತಾನೆ. ಇದು ಸ್ವಾಮಿಗೆ ಬೇಕಾಗಿದೆ ಎಂಬುದಷ್ಟೇ ಶಿಷ್ಯರ ಉತ್ತರ. ಎಷ್ಟು ದಿನಕ್ಕೆ, ಬಾಡಿಗೆ ಎಷ್ಟು ಎಂಬ ಮಾತು ಅಲ್ಲಿ ಬರಲಿಲ್ಲ. ಹಗ್ಗ ಬಿಚ್ಚಿತು, ಮರಿ ಹೊರಟಿತು. ಸ್ವಾಮಿಗೆ ಬೇಕಾಗಿದೆ ಎಂದ ಮೇಲೆ ಆ ಮನೆಯವರಿಗೆ ಬೇರೆ ಕಾರಣ ಬೇಕಾಗಲಿಲ್ಲ. ಹೊಸನ್ನ ಎಂದು ಕೂಗಿದ ಅಷ್ಟು ದೊಡ್ಡ ಗುಂಪಿಗಿಂತ, ಹಗ್ಗ ಬಿಚ್ಚಲು ಬಿಟ್ಟುಕೊಟ್ಟ ಆ ಮನೆಯವರೇ ಅರಸನನ್ನು ಅರಸನೆಂದು ಹೆಚ್ಚು ಸರಿಯಾಗಿ ಬರಮಾಡಿಕೊಂಡರೆಂದು ನನಗೆ ಅನ್ನಿಸುತ್ತದೆ.

ಈ ವಿಷಯವನ್ನು ನಾನು ಕಲಿತದ್ದು ಪ್ರಸಂಗಗಳಿಂದಲ್ಲ, ನಮ್ಮ ಆಯಿಯಿಂದ, ಎಂದರೆ ಅಜ್ಜಿಯಿಂದ. 1834ರಲ್ಲಿ ಮಂಗಳೂರಿಗೆ ಬಂದಿಳಿದು ಅನಂತರ ಧಾರವಾಡ ಸೀಮೆಗೂ ಹಬ್ಬಿದ ಬಾಸೆಲ್ ಮಿಷನ್ನಿನ ಸಭೆಗಳಲ್ಲೊಂದರಲ್ಲಿ ಬೆಳೆದ ಹೆಂಗಸು ಅವಳು. ಸಭೆಯವರೆಲ್ಲ ಕೂಡಿ ಕರ್ತನ ಪ್ರಾರ್ಥನೆಯನ್ನು ಹೇಳುವಾಗ ‘ನಿನ್ನ ಚಿತ್ತವು’ ಎಂಬಲ್ಲಿಗೆ ಬಂದ ಕೂಡಲೇ ಆಯಿಯ ಧ್ವನಿ ನಿಂತುಹೋಗುತ್ತಿತ್ತು. ಎಲ್ಲರೂ ಮುಂದಕ್ಕೆ ಹೋಗಿ ಅನುದಿನದ ಆಹಾರವನ್ನು ಬೇಡುತ್ತಿರುವಾಗ, ಒಂದು ಉಸಿರು ಎಳೆದುಕೊಂಡು, ಸಣ್ಣದಾಗಿ, ತಾನೊಬ್ಬಳೇ ಆ ಮಾತನ್ನು ಹೇಳಿ ಮುಗಿಸುತ್ತಿದ್ದಳು. ಪಕ್ಕದಲ್ಲಿ ನಿಂತಿರುತ್ತಿದ್ದ ನನಗೆ ಆ ಉಸಿರು ಕೇಳಿಸುತ್ತಿತ್ತು. ಚಿಕ್ಕವಳಿದ್ದಾಗ ಅದು ಮುಪ್ಪಿನ ಆಯಾಸವೆಂದುಕೊಂಡಿದ್ದೆ. ಆದರೆ ಹಾಡುವಾಗ, ಬೈಬಲ್ ಓದುವಾಗ, ಸಂತೆಯಲ್ಲಿ ಚೌಕಾಸಿ ಮಾಡುವಾಗ ಆ ಧ್ವನಿ ಎಂದೂ ಹಿಂದೆ ಬೀಳುತ್ತಿರಲಿಲ್ಲ. ಒಮ್ಮೆ ಕೇಳಿಯೇಬಿಟ್ಟೆ. ‘ಬಾಯಿ ಲಗೂನ ಹೇಳತೈತೆವ್ವಾ, ಮನಸು ಬರೂತನಕಾ ನಾ ಕಾಯತೇನಿ’ ಎಂದಳು. ಬೆಳೆದ ಮಗನೊಬ್ಬನನ್ನು ಮಣ್ಣಿಗೆ ಕೊಟ್ಟ ತಾಯಿ ಅವಳು. ಆ ಭಾನುವಾರವೂ ದೇವಾಲಯಕ್ಕೆ ಹೋಗಿದ್ದಳೆಂದೂ ಪ್ರಾರ್ಥನೆಯ ಆ ಸಾಲಿನಲ್ಲಿ ಬಹಳ ಹೊತ್ತು ನಿಂತಿದ್ದಳೆಂದೂ ಅಮ್ಮ ಹೇಳುತ್ತಿದ್ದಳು. ಸಭಾಪಾಲಕರು ಆಶೀರ್ವಾದ ಹೇಳಿ ಮುಗಿಸುವಷ್ಟರಲ್ಲಿ ಆಯಿಯ ತುಟಿಗಳು ಅಲುಗಾಡಿದವಂತೆ.

ಆ ಕಾಯುವಿಕೆಯ ಬೇರು, ಯೇಸು ಸೆರೆಸಿಕ್ಕುವ ಮುಂಚೆ ಪ್ರಾರ್ಥಿಸಿದ ಗೆತ್ಸೇಮನೆ ತೋಟದಲ್ಲಿದೆ ಎಂಬುದು ನನಗೆ ಬಹಳ ತಡವಾಗಿ ತಿಳಿಯಿತು. ಶಿಷ್ಯರನ್ನು ಬಿಟ್ಟು ಕಲ್ಲೆಸುಗೆಯಷ್ಟು ದೂರ ಹೋಗಿ ಬೋರಲಬಿದ್ದ ಯೇಸು ಮೊದಲ ಸಾರಿ ಬೇಡಿದ್ದು, ಸಾಧ್ಯವಾದರೆ ಈ ಪಾತ್ರೆಯು, ಎಂದರೆ ಬರಲಿದ್ದ ಬಾಧೆಯು, ತನ್ನನ್ನು ಬಿಟ್ಟುಹೋಗಲಿ ಎಂದು. ಆದರೂ ತನ್ನ ಚಿತ್ತದಂತಲ್ಲ, ತಂದೆಯ ಚಿತ್ತದಂತೆಯೇ ಆಗಲಿ ಎಂದು ಅದಕ್ಕೆ ಸೇರಿಸಿದನು. ಎದ್ದು ಬಂದು ನೋಡಿದರೆ ಶಿಷ್ಯರು ನಿದ್ದೆಹೋಗಿದ್ದರು. ಎರಡನೆಯ ಸಾರಿ ಹೋದಾಗ, ತಾನು ಕುಡಿದ ಹೊರತು ಇದು ಬಿಟ್ಟುಹೋಗಕೂಡದಾಗಿದ್ದರೆ ನಿನ್ನ ಚಿತ್ತವೇ ಆಗಲಿ ಎಂದು ಬೇಡಿದನು. ಬೆಟ್ಟದ ಮೇಲೆ ತಾನು ಶಿಷ್ಯರಿಗೆ ಕಲಿಸಿದ ಪ್ರಾರ್ಥನೆಯನ್ನೇ ಆತನು ಅಲ್ಲಿ ಮಣ್ಣಿನ ಮೇಲೆ ಮುಖವಿಟ್ಟು ತನಗಾಗಿ ಹೇಳಿಕೊಂಡನು. ಮೂರನೆಯ ಸಾರಿಯೂ ಹೋಗಿ ಅದೇ ಮಾತನ್ನು ಹೇಳಿದನು. ದೇವರ ಮಗನಿಗೇ ಒಂದೇ ಮಾತನ್ನು ಮೂರು ಸಾರಿ ಬೇಡಬೇಕಾಯಿತೆಂದ ಮೇಲೆ, ಅಧೀನತೆಯೆಂಬುದು ಬಾಯಿಪಾಠ ಒಪ್ಪಿಸಿದಷ್ಟು ಸುಲಭವೆಂದು ನಮಗೆ ಯಾರು ಹೇಳಿದರು? ಆತನು ಮಗನಾಗಿದ್ದರೂ ಅನುಭವಿಸಿದ ಬಾಧೆಗಳಿಂದಲೇ ವಿಧೇಯತೆಯನ್ನು ಕಲಿತನೆಂದು ಇಬ್ರಿಯರಿಗೆ ಬರೆದ ಪತ್ರಿಕೆಯ 5ನೆಯ ಅಧ್ಯಾಯವು ಹೇಳುತ್ತದೆ. ದೇವದೂತರ ಹನ್ನೆರಡು ಗಣಗಳಿಗಿಂತಲೂ ಹೆಚ್ಚು ಸೈನ್ಯವನ್ನು ತಂದೆಯಿಂದ ಬೇಡಿ ತರಿಸಿಕೊಳ್ಳಬಲ್ಲವನು, ಕತ್ತಿ ಎತ್ತಿದ ಶಿಷ್ಯನಿಗೆ ಅದನ್ನು ತಿರುಗಿ ಒರೆಯಲ್ಲಿ ಸೇರಿಸೆಂದು ಹೇಳಿ, ಕೈಗಳನ್ನು ಕಟ್ಟಲು ಒಪ್ಪಿಕೊಟ್ಟನು. ಕೈಲಾಗದವನು ಸುಮ್ಮನಿರುವುದನ್ನು ಅಧೀನತೆಯೆನ್ನಲಾಗದು.

ಇಲ್ಲಿ ಒಂದು ಮಾತನ್ನು ಖಂಡಿತವಾಗಿ ಹೇಳಬೇಕು. ಅಧೀನರಾಗಿರಿ ಎಂಬ ವಚನವನ್ನು ಹೆಂಡತಿಯನ್ನು ಹೊಡೆಯುವ ಗಂಡನೂ ಸಭೆಯ ಲೆಕ್ಕ ಕೇಳಿದವರ ಬಾಯಿ ಮುಚ್ಚಿಸುವ ಹಿರಿಯರೂ ತಮ್ಮ ಅನುಕೂಲಕ್ಕೆ ಎತ್ತಿಕೊಳ್ಳುವುದುಂಟು. ಯೇಸುವಿನ ಅಧೀನತೆ ಅಂಥದ್ದಲ್ಲ. ಮಹಾಯಾಜಕನ ವಿಚಾರಣೆಯಲ್ಲಿ ಓಲೇಕಾರನೊಬ್ಬನು ಕೆನ್ನೆಗೆ ಹೊಡೆದಾಗ, ನಾನು ಕೆಟ್ಟದ್ದನ್ನು ಆಡಿದ್ದರೆ ಸಾಕ್ಷಿ ಹೇಳು, ಸರಿಯಾಗಿ ಆಡಿದ್ದರೆ ನನ್ನನ್ನೇಕೆ ಹೊಡೆಯುತ್ತೀ ಎಂದು ಆತನು ಕೇಳಿದನೆಂದು ಸುವಾರ್ತೆ ಬರೆದ ಯೋಹಾನನು ಹೇಳುತ್ತಾನೆ. ನಿನ್ನನ್ನು ಬಿಡಿಸುವುದಕ್ಕೂ ಶಿಲುಬೆಗೆ ಹಾಕಿಸುವುದಕ್ಕೂ ತನಗೆ ಅಧಿಕಾರವುಂಟೆಂದು ರೋಮಿನ ಅಧಿಪತಿ ಪಿಲಾತನು ಹೆದರಿಸಿದಾಗ, ಮೇಲಿನಿಂದ ಕೊಡಲ್ಪಡದಿದ್ದರೆ ನಿನಗೆ ನನ್ನ ಮೇಲೆ ಯಾವ ಅಧಿಕಾರವೂ ಇರುತ್ತಿರಲಿಲ್ಲ ಎಂದನು. ತಂದೆಗೆ ಅಧೀನನಾದವನು ಮನುಷ್ಯರ ಎದುರು ಎಷ್ಟು ನೆಟ್ಟಗೆ ನಿಲ್ಲಬಲ್ಲನೆಂಬುದನ್ನು ಆ ಒಂದು ಉತ್ತರದಲ್ಲಿ ಕಾಣಬಹುದು. ಮುಂದೆ ಪೇತ್ರನೂ ಅಪೊಸ್ತಲರೂ ಮನುಷ್ಯರಿಗಿಂತಲೂ ದೇವರಿಗೆ ವಿಧೇಯರಾಗಬೇಕೆಂದು ಯೆಹೂದ್ಯರ ಹಿರೀಸಭೆಯ ಮುಂದೆ ಹೇಳುವ ಧೈರ್ಯವೂ ಇದರಿಂದಲೇ ಬಂದದ್ದು.

ದೇವರು ಕೊಟ್ಟ ಅಧಿಕಾರವನ್ನು ಹೇಗೆ ನಡೆಸಬೇಕೆಂಬುದಕ್ಕೆ ಗುರುವಾರದ ರಾತ್ರಿ ಯೇಸು ಶಿಷ್ಯರೊಂದಿಗೆ ಮಾಡಿದ ಕಡೆಯ ಊಟವೇ ಸಾಕ್ಷಿ. ತಂದೆಯು ಎಲ್ಲವನ್ನೂ ತನ್ನ ಕೈಯಲ್ಲಿ ಕೊಟ್ಟಿದ್ದಾನೆಂದು ಯೇಸುವಿಗೆ ತಿಳಿದಿತ್ತೆಂದು ಹೇಳಿದ ಕೂಡಲೇ ಯೋಹಾನನು ಬರೆಯುವುದು, ಆತನು ಊಟದಿಂದ ಎದ್ದು ಮೇಲ್ಹೊದಿಕೆಯನ್ನು ತೆಗೆದಿಟ್ಟು, ಕೈಪಾವಡವನ್ನು ನಡುವಿಗೆ ಕಟ್ಟಿಕೊಂಡು, ಬೋಗುಣಿಗೆ ನೀರು ಹಾಕಿದ್ದನ್ನು. ಎಲ್ಲ ಅಧಿಕಾರವೂ ಕೈಯಲ್ಲಿರುವವನ ಮೊದಲ ಕೆಲಸ ಶಿಷ್ಯರ ಕಾಲು ತೊಳೆಯುವುದಾಗಿತ್ತು. ಸ್ವಲ್ಪ ಹೊತ್ತಿನಲ್ಲಿ ತನ್ನನ್ನು ಹಿಡಿದುಕೊಡಲಿದ್ದ ಯೂದನ ಕಾಲೂ ಅವುಗಳಲ್ಲಿತ್ತು. ನಮ್ಮ ಸಭೆಗಳಲ್ಲಿ ಸಮಿತಿಯ ಚುನಾವಣೆಗೆ ಆಗುವ ಓಡಾಟವನ್ನೂ ಕೋರ್ಟಿನ ಮೆಟ್ಟಿಲು ಹತ್ತುವ ಆಡಳಿತದ ಜಗಳಗಳನ್ನೂ ಕಂಡಾಗ, ಆ ಬೋಗುಣಿಯ ಮುಂದೆ ನಾವು ಯಾವ ಮುಖದಿಂದ ಕೂಡುತ್ತೇವೋ ಎಂದು ಸಂಕಟವಾಗುತ್ತದೆ. ಗರಿ ಹಿಡಿದು ಮೆರವಣಿಗೆಯಲ್ಲಿ ಫೋಟೋ ತೆಗೆಸಿಕೊಳ್ಳುವ ನಾವು ಸೋಮವಾರದಿಂದ ಬುಧವಾರದವರೆಗಿನ ಸಂಜೆಯ ಆರಾಧನೆಗಳಲ್ಲಿ ಕಾಣುವುದಿಲ್ಲ. ಬೆಂಚುಗಳು ತುಂಬುವುದು ಶುಭ ಶುಕ್ರವಾರಕ್ಕೇ. ದೇವಾಲಯದಲ್ಲಿ ಅಧಿಕಾರದ ಪ್ರಶ್ನೆ ಎದ್ದದ್ದೂ ದ್ರಾಕ್ಷಿತೋಟಕ್ಕೆ ಹೋಗಿ ಕೆಲಸ ಮಾಡಿರೆಂದು ತಂದೆ ಹೇಳಿದ ಇಬ್ಬರು ಮಕ್ಕಳ ಸಾಮ್ಯವನ್ನು ಯೇಸು ಹೇಳಿದ್ದೂ ಆ ನಡುವಿನ ದಿನಗಳಲ್ಲೇ. ಹೋಗುತ್ತೇನಪ್ಪಾ ಎಂದು ಹೇಳಿ ಹೋಗದ ಮಗನ ಮಾತು ಸಭೆಯ ಒಳಗಿರುವವರಿಗಾಗಿಯೇ ಹೇಳಿದ ಮಾತು, ಅದನ್ನು ಕೇಳಿಸಿಕೊಳ್ಳುವ ದಿನವೇ ನಾವು ಬರುವುದಿಲ್ಲ.

ಮನೆಯಲ್ಲಾದರೂ ಮಾಡಬಹುದಾದದ್ದೊಂದಿದೆ. ಮತ್ತಾಯನ ಸುವಾರ್ತೆಯಲ್ಲಿ ಯೆರೂಸಲೇಮಿನ ಪ್ರವೇಶದಿಂದ ಪುನರುತ್ಥಾನದವರೆಗೆ 21ರಿಂದ 28ರ ತನಕ 8 ಅಧ್ಯಾಯಗಳಿವೆ. ಗರಿಗಳ ಭಾನುವಾರದಿಂದ ಈಸ್ಟರ್ ಭಾನುವಾರದ ತನಕ ದಿನಗಳೂ 8. ದೀಪ ಹಚ್ಚಿದ ಮೇಲೆ ದಿನಕ್ಕೊಂದು ಅಧ್ಯಾಯವನ್ನು ಮನೆಯವರೆಲ್ಲ ಕೂತು ಗಟ್ಟಿಯಾಗಿ ಓದುವುದು ನಮ್ಮ ಹಿಂದಿನವರ ಪದ್ಧತಿ. 26 ಮತ್ತು 27 ದೊಡ್ಡ ಅಧ್ಯಾಯಗಳು, ಮಕ್ಕಳು ತೂಕಡಿಸುತ್ತಾರೆ, ಓದುವವರ ಗಂಟಲೂ ಕಟ್ಟುತ್ತದೆ. ಆದರೂ ಬಿಡದೆ ಓದಬೇಕು, ಏಕೆಂದರೆ 21ರಲ್ಲಿ ಹಿರಿಯರು ಕೇಳಿದ ಪ್ರಶ್ನೆಗೆ ಉತ್ತರ ಸಿಗುವುದು 28ರಲ್ಲೇ. ಪರಲೋಕದಲ್ಲಿಯೂ ಭೂಲೋಕದಲ್ಲಿಯೂ ಎಲ್ಲ ಅಧಿಕಾರವು ತನಗೆ ಕೊಡಲ್ಪಟ್ಟಿದೆ ಎಂದು ಗಲಿಲಾಯದ ಬೆಟ್ಟದಲ್ಲಿ ಯೇಸು ಹೇಳಿದಾಗ ಎದುರಿಗಿದ್ದವರು ಹನ್ನೊಂದು ಮಂದಿ, ಅವರೆಲ್ಲರೂ ಆ ಗುರುವಾರದ ರಾತ್ರಿ ಆತನನ್ನು ಬಿಟ್ಟು ಓಡಿಹೋದವರೇ. ಅವರಲ್ಲಿ ಕೆಲವರು ಆಗಲೂ ಸಂದೇಹಪಟ್ಟರೆಂದು ಮತ್ತಾಯನು ಮುಚ್ಚಿಡದೆ ಬರೆದಿದ್ದಾನೆ. ಆತನು ಸಂದೇಹಪಟ್ಟವರನ್ನು ಬೇರೆ ನಿಲ್ಲಿಸಲಿಲ್ಲ. ಎಲ್ಲರ ಹತ್ತಿರಕ್ಕೂ ಬಂದು, ಹೊರಡಿರಿ ಎಂಬ ಒಂದೇ ಅಪ್ಪಣೆಯನ್ನು ಅವರೆಲ್ಲರಿಗೂ ಕೊಟ್ಟನು.