ಒಂದು ಖಾಲಿ ಕಡಿಮೆ

"ನನ್ನ ಪೆಟ್ಟಿಗ್ಯಾಗ ಹಳೇದೊಂದು ಖಾಲಿ ಐತ್ರಿ ಸರ್, ಅದನ್ನ ಹಾಕಿ ಬಿಡೂಣೇನ್ರಿ?"

ಮಂಗಳವಾರ ಸಂಜೆಯಿಂದ ಈ ಮಾತು ಕಿವಿಯಿಂದ ಇಳಿಯುತ್ತಿಲ್ಲ. ಖಾಲಿ ಎಂದರೆ ಗುಂಡು ಹಾರಿದ ಮೇಲೆ ಉಳಿಯುವ ಕಾಡತೂಸಿನ ಕೋಶ. ಹಾಗೆ ಅಂದ ಪೇದೆ ಕೆಟ್ಟವನಲ್ಲ. ಗದಗ ಕಡೆಯ ಆ ರೇಂಜಿಗೆ, ಅಂದರೆ ಪೊಲೀಸರು ಗುಂಡು ಹಾರಿಸುವ ತಾಲೀಮಿನ ಮೈದಾನಕ್ಕೆ, ಎಲ್ಲರಿಗಿಂತ ಮೊದಲು ಬಂದು ಟಾರ್ಗೆಟ್ ಹಚ್ಚಿದವ, ಮಧ್ಯಾಹ್ನ ಬುತ್ತಿ ಬಿಚ್ಚಿ ರೊಟ್ಟಿ ಹಂಚಿದವ. ಹೊತ್ತು ಮುಳುಗುತ್ತಿತ್ತು, ವ್ಯಾನಿನವ ಎರಡು ಸಲ ಹಾರ್ನ್ ಹೊಡೆದಿದ್ದ. ಪಾಪ, ಉಪಕಾರ ಅಂತಲೇ ಅಂದ.

ಲೆಕ್ಕ ಇಷ್ಟೇ. 40 ಮಂದಿ, ತಲಾ 10 ಸುತ್ತು, ಇನ್ಸಾಸ್ ರೈಫಲ್ಲಿನ 5.56 ಮಿ.ಮೀ. ಕಾಡತೂಸು 400. ಮಿಸ್‌ಫೈರ್ ಆಗಿ ಹಾರದೆ ಉಳಿದವು ಎರಡು. ಉಳಿದ 398 ಖಾಲಿ ಬರಬೇಕು. ತಾಡಪತ್ರಿಯ ಮೇಲೆ ಹತ್ತತ್ತರ ಸಾಲು ಮಾಡಿ ನಿಲ್ಲಿಸಿದರೆ ಕೊನೆಯ ಸಾಲಿನಲ್ಲಿ ಎಂಟರ ಬದಲು ಏಳು. ಕೆಡವಿ ಮತ್ತೆ ನಿಲ್ಲಿಸಿದರು. ಏಳೇ.

ಖಾಲಿ ಎಂಬುದು 45 ಮಿ.ಮೀ. ಉದ್ದದ ಬಿಸಿ ಹಿತ್ತಾಳೆ. ರೈಫಲ್ಲಿನ ಬಲಕ್ಕೆ ಚಿಮ್ಮಿ ಪಕ್ಕದವನ ಅಂಗಿಯ ಮಡಚಿದ ತೋಳಿನೊಳಗೆ ಕೂರುತ್ತದೆ, ಮರಳುಚೀಲದ ನೆರಿಗೆಗೆ ಜಾರುತ್ತದೆ, ಜಮಖಾನದ ಜೊತೆ ಸುತ್ತಿಹೋಗುತ್ತದೆ. ಮಳೆ ಬಿದ್ದ ಎರೆ ನೆಲವಾದರಂತೂ ಬೂಟಿನ ಅಟ್ಟೆಗೆ ಮಣ್ಣಿನೊಂದಿಗೆ ಅಂಟಿ ವ್ಯಾನ್ ಹತ್ತುತ್ತದೆ. ಅದಕ್ಕೇ ಒಂದು ಪಾಳಿ ಎದ್ದ ಕೂಡಲೇ, ಮುಂದಿನವರು ಗುಂಡು ಹಾರಿಸಲು ಮಲಗುವ ಮೊದಲೇ, ಆರಿಸಿ ಎಣಿಸಬೇಕು. ಅವತ್ತು ಮೋಡ ನೋಡಿ, ಎಲ್ಲ ಮುಗಿದ ಮೇಲೆ ಒಮ್ಮೆಲೇ ಆರಿಸೋಣ ಎಂದರು. ಎಡವಿದ್ದು ಅಲ್ಲೇ.

ಹಿತ್ತಾಳೆ ತುಣುಕಿಗೆ ಇಷ್ಟು ಗದ್ದಲವೇ ಅನ್ನಬೇಡಿ. ಖಾಲಿ ಎಂದರೆ ಗುಂಡಿನ ರಸೀದಿ. ಹಾರಿಸದೆ ಒಂದನ್ನು ಜೇಬಿಗಿಳಿಸಿದವನನ್ನು ಹಿಡಿದುಕೊಡುವುದು ಅದೇ. ಹೊರಗಿನ ಖಾಲಿಯೊಂದು ರಾಶಿಗೆ ಬಿದ್ದರೆ ಒಂದು ಜೀವಂತ ಗುಂಡು ಕಾಗದದಲ್ಲಿ ಸುಟ್ಟುಹೋಗಿ ಊರೊಳಗೆ ಉಳಿಯುತ್ತದೆ. ತಳದಲ್ಲಿ ಕಾರ್ಖಾನೆಯ ಗುರುತು, ವರ್ಷ ಒತ್ತಿರುತ್ತದೆ, ಬೇರೆ ಲಾಟಿನದನ್ನು ಗುರುತಿಸಬಹುದು. ಆದರೆ ಮಬ್ಬುಗತ್ತಲಲ್ಲಿ 398 ತಳ ತಿರುವಿ ನೋಡುವವರು ಯಾರು? ಅದನ್ನ ಹಾಕಿ ಬಿಡೂಣೇನ್ರಿ ಅಂದಾಗ ಇಬ್ಬರು ಮೂವರು ತಲೆಯಾಡಿಸಿದ್ದನ್ನೂ ಕಂಡೆ.

ರೈಫಲ್ಲುಗಳ ಪಾಡೂ ಇದೇ. ಆಯುಧ ಇಡುವ ಆರ್ಮರಿಯಲ್ಲಿ ಮುಂಜಾನೆ ಎಣಿಸುವುದು ರ್‍ಯಾಕಿನಲ್ಲಿ ಕಾಣುವ ಬಟ್ಟುಗಳನ್ನು, ಅಂದರೆ ರೈಫಲ್ಲಿನ ಹಿಂಬದಿಯ ಹಿಡಿಗಳನ್ನು. ಬಟ್ ನಂಬರ್ ಬಣ್ಣದಲ್ಲಿ ಬರೆದದ್ದು, ರಿಪೇರಿಯಲ್ಲಿ ಬಟ್ ಬದಲಾದರೆ ಅದೂ ಬದಲು. ಕಬ್ಬಿಣದಲ್ಲಿ ಕೊರೆದ ಬಾಡಿ ನಂಬರ್ ಒಂದೇ ಖಾತ್ರಿ. ಅದನ್ನು ಓದಬೇಕಾದರೆ ಸರಪಳಿ ಬಿಚ್ಚಿ, ಒಂದೊಂದನ್ನೂ ಇಳಿಸಿ, ಎಣ್ಣೆ ಒರೆಸಬೇಕು. ವರ್ಗವಾಗಿ ಬಂದವನಿಗೆ ಚಾರ್ಜ್ ತೆಗೆದುಕೊಳ್ಳುವ ದಿನ ಅಷ್ಟು ಪುರಸೊತ್ತು ಎಲ್ಲಿ? "ನೋಡಿ ಸರಿಯಿದೆ" ಎಂದು ಸಹಿ ಹಾಕುತ್ತಾನೆ. ಬಂದೋಬಸ್ತಿಗೆ ಹೋದ ರೈಫಲ್ಲಿನ ವೋಚರ್ ಯಾರದೋ ಡೈರಿಯಲ್ಲಿ ಉಳಿಯುತ್ತದೆ. ಹಿಂದಿನವನ ತಪ್ಪು ಈಗ ಇವನ ತಲೆಗೆ.

2020ರ ಫೆಬ್ರುವರಿಯಲ್ಲಿ ಮಂಡನೆಯಾದ ಸಿಎಜಿ (ಸರ್ಕಾರಿ ಲೆಕ್ಕ ತಪಾಸಣೆಯ ಸಂಸ್ಥೆ) ವರದಿ, ಕೇರಳ ಪೊಲೀಸರ ಬೆಟಾಲಿಯನ್ ಒಂದರಲ್ಲಿ 25 ಇನ್ಸಾಸ್ ರೈಫಲ್, 12,061 ಕಾಡತೂಸು ಕಡಿಮೆ ಎಂದಿತು. ಕ್ರೈಂ ಬ್ರಾಂಚಿನವರು ಒಂದೊಂದನ್ನೇ ಎದುರಿಗಿಟ್ಟುಕೊಂಡು ನಂಬರ್ ತಾಳೆ ನೋಡಿದ ಮೇಲೆ, ರೈಫಲ್ಲು ಯಾವುವೂ ಕಳೆದಿಲ್ಲ ಎಂದರು. ಕೆಲವು ಮಣಿಪುರಕ್ಕೆ ಹೋದವರ ಜೊತೆಗಿದ್ದವು. ಗುಂಡಿನ ಲೆಕ್ಕ ಹಾಗೆ ಬಗೆಹರಿಯಲಿಲ್ಲ. ಅಸಲಿಯ ಜಾಗದಲ್ಲಿ ನಕಲಿ ಕಾಡತೂಸು ಸಿಕ್ಕವು. ಅಲ್ಲಿಯೂ ಯಾರೋ ಒಬ್ಬ ಹಾಕಿ ಬಿಡೂಣೇನ್ರಿ ಅಂದಿರಬೇಕು, ಮಲಯಾಳದಲ್ಲಿ.

ನಮ್ಮ ಆರ್‌ಎಸ್‌ಐ, ಅಂದರೆ ರಿಸರ್ವ್ ಸಬ್ ಇನ್‌ಸ್ಪೆಕ್ಟರ್, ಸಣ್ಣ ವಯಸ್ಸಿನವಳು, ಮಾತು ಕಮ್ಮಿ. ಬೈಯಲಿಲ್ಲ. 40 ಮಂದಿಯನ್ನು ಸಾಲಾಗಿ ನಿಲ್ಲಿಸಿ ಬೂಟು ಬಿಚ್ಚಿಸಿದಳು, ಅಂಗಿಯ ತೋಳಿನ ಮಡಿಕೆ ಬಿಚ್ಚಿಸಿದಳು, ಕೊನೆಗೆ ಮರಳುಚೀಲಗಳನ್ನು ಒಂದೊಂದಾಗಿ ಕೊಡವಿಸಿದಳು. ಏಳೂವರೆಗೆ, ಟಾರ್ಚ್ ಬೆಳಕಿನಲ್ಲಿ, ಆರನೇ ಲೇನಿನ ಚೀಲದ ಹೊಲಿಗೆಯಿಂದ ಅದು ಟಣ್ ಎಂದು ಬಿತ್ತು.

ಮರುದಿನ ಆ ಪೇದೆಯ ಪೆಟ್ಟಿಗೆಯನ್ನೂ ತೆರೆಸಿದಳು. ಹಳೆಯ ಖಾಲಿ ನಿಜವಾಗಿಯೂ ಇತ್ತು. ಈಗ ಒಂದು ಹೆಚ್ಚು. ಅದನ್ನು ಯಾವ ವರ್ಷದ ರಿಜಿಸ್ಟರಿಗೆ ಜಮಾ ಹಚ್ಚಬೇಕೆಂದು ಲೆಕ್ಕ ಬರೆಯುವ ರೈಟರ್ ಇನ್ನೂ ಕೇಳುತ್ತಿದ್ದಾನೆ.