ನಿಮ್ಮೂರಾಗೂ ಕ್ರೂಸರ್ ಅದಾವೇನು?

ಹೋದ ತಿಂಗಳು ಇಲ್ಲಿ ಪಶ್ಚಿಮ ಆಸ್ಟ್ರೇಲಿಯಾದಲ್ಲಿ, ಮೆಂಜೀಸ್ ಅನ್ನುವ ಊರು ದಾಟಿ ಲೇಕ್ ಬಲಾರ್ಡ್ ಕಡೆ ಹೋಗುವ ಕೆಂಪು ಕಚ್ಚಾ ರಸ್ತೆಯಲ್ಲಿ ನಮ್ಮ ಕಾರು ನಿಂತುಬಿಟ್ಟಿತು. ಕೆಟ್ಟಿತು ಅನ್ನಲಾರೆ. ಎಂಜಿನ್ ಸರಿ ಇತ್ತು, ಟ್ಯಾಂಕು ತುಂಬಿತ್ತು, ಟೈರು ಹೊಸವು. ಮುಂದಿನ ಪರದೆಯಲ್ಲಿ ಹಳದಿ ದೀಪವೊಂದು ಹತ್ತಿತು, ಅದನ್ನು ನೋಡಿ ಇನ್ನೊಂದು ಹತ್ತಿತು. ಆಮೇಲೆ ಕಾರು ಯಾರನ್ನೂ ಕೇಳದೆ ಎತ್ತಿನ ಬಂಡಿಯ ನಡಿಗೆಗೆ ಇಳಿದು, ಕೊನೆಗೆ ಅದೂ ಬ್ಯಾಡಂತ ಕೂತಿತು. ಯಾವ ಕಂಪನಿಯದು ಅಂತ ಹೇಳುವುದಿಲ್ಲ. ಕಂತು ಇನ್ನೂ ಮೂರು ವರ್ಷ ಬಾಕಿ ಇದೆ.

ಗಣಿಯ ವರ್ಕ್‌ಶಾಪಿನಲ್ಲಿ ಮನೆಯೆತ್ತರದ ಡಂಪರುಗಳ ಹೊಟ್ಟೆ ಹೊಕ್ಕು ಹೊರಬರುವ ನಾನು ನನ್ನದೇ ಕಾರಿನ ಮುಂದೆ ಕೈಕಟ್ಟಿ ನಿಂತಿದ್ದೆ. ಹಿಂದೆ ಬರುತ್ತಿದ್ದ ಗಡ್ಡದಜ್ಜ ಗಾಡಿ ನಿಲ್ಲಿಸಿ ಇಳಿದ. ನಮ್ಮ ಪಕ್ಕದ ಮನೆಯವನು. ಹೆಸರು ಬೇರೆ ಇದೆ, ನಮ್ಮ ಮನೆಯೊಳಗೆ ಮಾತ್ರ ಗಡ್ಡದಜ್ಜ. ಬಾನೆಟ್ ಎತ್ತಿದರೆ ಎಂಜಿನ್ನೇ ಕಾಣದು, ಮೇಲೆಲ್ಲ ಕರಿ ಪ್ಲಾಸ್ಟಿಕ್ ಮುಚ್ಚಳ. ಕೀಲಿ ಹಾಕಿದ ಮನೆಯ ಮುಂದೆ ನಿಂತ ಬೀಗನ ಹಾಗೆ ಒಂದು ಗಳಿಗೆ ನೋಡಿದ.

"ನಿನ್ನ ಗಾಡಿಗೆ ಸಾಲಿ ಹೆಚ್ಚಾಗೈತಿ ತಮ್ಮಾ," ಅಂದವನೇ ಬಾನೆಟ್ ಮುಚ್ಚಿ, ಎಳೆಯುವ ಪಟ್ಟಿ ತರಲು ಹೋದ.

ಅಂದದ್ದು ಇಂಗ್ಲಿಷಿನಲ್ಲೇ. ಆದರೆ ಅರ್ಧ ಶಬ್ದ ನುಂಗಿ, ಉಳಿದರ್ಧ ಎಳೆದು ಆಡುವ ಅವನ ಧಾಟಿ ನನ್ನ ಕಿವಿಗೆ ಬೈಲಹೊಂಗಲದ ಸಂತೆಯ ಮಾತಾಗಿಯೇ ಬೀಳುತ್ತದೆ. ಅವನ 'ಮೇಟ್' ನನಗೆ 'ತಮ್ಮಾ'. ಹಾಗೇ ಬರೆಯುತ್ತೇನೆ.

ಮೆಂಜೀಸಿನಲ್ಲಿ ಕಾರು ಬಿಟ್ಟು ಮೂವರೂ ಅವನ ಟ್ರೂಪಿ ಹತ್ತಿದೆವು. ನಾವಿರುವ ಕಲ್‌ಗೂರ್ಲಿಗೆ ಇನ್ನೂ 130 ಕಿಲೋಮೀಟರು. ಟ್ರೂಪಿ ಅಂದರೆ ಟೊಯೋಟಾ ಲ್ಯಾಂಡ್ ಕ್ರೂಸರಿನಲ್ಲೇ ಉದ್ದ ಬೆನ್ನಿನದು, ಹಿಂದೆ ಎದುರುಬದುರು ಬೆಂಚು. ಹೆಂಡತಿ, ಮಗಳು, ಅಜ್ಜನ ನಾಯಿ ಹಿಂದೆ ಕೂತರು. ನಾನು ಮುಂದೆ. ಸ್ವಲ್ಪ ದೂರ ಹೋದ ಮೇಲೆ ಅಜ್ಜ ಕೇಳಿದ: "ನಿಮ್ಮೂರಾಗೂ ಕ್ರೂಸರ್ ಅದಾವೇನು?"

"ಅಯ್ಯ, ಒಂದೊಂದು ಊರಾಗ ಹತ್ತತ್ತು ಅದಾವು," ಅಂದೆ.

ಅಜ್ಜ ಸೀಟಿ ಹೊಡೆದ. "ಅಂದ್ರ ರೊಕ್ಕಸ್ಥರ ಜಿಲ್ಲಾ ಅನ್ನು."

ಆಗ ಗೊತ್ತಾಯಿತು ನಾನು ಏನು ಹೇಳಿದೆ ಅಂತ. ಬೆಳಗಾವಿ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಬೆಂಗಳೂರಿನವರಿಗಾಗಿ ಹೇಳುತ್ತೇನೆ: ನಮ್ಮಲ್ಲಿ ಕ್ರೂಸರ್ ಅಂದರೆ ಪುಣೆಯ ಫೋರ್ಸ್ ಕಂಪನಿಯ ಟ್ರ್ಯಾಕ್ಸ್ ಕ್ರೂಸರ್. ಗುಡ್ಡಕ್ಕೆ ಹೋಗಲು ಅದೇ, ಬೀಗರೂರಿಗೆ ಅದೇ, ಹೆರಿಗೆ ನೋವು ಬಂದರೂ ಅದೇ, ಹತ್ತಿ ಬಿಡಿಸಲು ಹೊರಟ ಹೆಣ್ಣುಮಕ್ಕಳಿಗೂ ಅದೇ. ಜಪಾನಿನ ಲ್ಯಾಂಡ್ ಕ್ರೂಸರಿಗೆ ಭಾರತದಲ್ಲಿ ಬೆಲೆ ಎರಡು ಕೋಟಿ ಮೀರಿದೆ. ಊರಿಗೆ ಹತ್ತು ಇದ್ದರೆ ನಾನ್ಯಾಕೆ ಇಲ್ಲಿ ಗ್ರೀಸು ಬಳಿದುಕೊಳ್ಳುತ್ತಿದ್ದೆ? ಆದರೂ ಅವನನ್ನು ತಿದ್ದಲಿಲ್ಲ. ಊರಿನ ಮರ್ಯಾದೆ ಪುಗಸಟ್ಟೆ ಏರಿದರೆ ಇಳಿಸುವುದು ಯಾಕೆ?

ಹಾಗೆ ನೋಡಿದರೆ ಇವೆಲ್ಲ ಒಂದೇ ಬಳ್ಳಿಯ ಕಾಯಿಗಳು. ಬೇರು ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯ ಓಡಿಸಿದ ವಿಲ್ಲೀಸ್ ಜೀಪಿನಲ್ಲಿದೆ. ಯುದ್ಧ ಮುಗಿದ ಮೇಲೆ ಅಂಥದೇ ಒಂದು ಜೀಪನ್ನು ತನ್ನ ಹೊಲದಲ್ಲಿ ಓಡಿಸುತ್ತಿದ್ದ ರೋವರ್ ಕಂಪನಿಯ ಮಾರಿಸ್ ವಿಲ್ಕ್ಸ್‌ಗೆ, ನಾವೇ ಯಾಕೆ ಮಾಡಬಾರದು ಅನ್ನಿಸಿತು. 1948ರಲ್ಲಿ ಆಮ್‌ಸ್ಟರ್‌ಡ್ಯಾಮ್ ಪ್ರದರ್ಶನದಲ್ಲಿ ಲ್ಯಾಂಡ್ ರೋವರ್ ಬಂತು. ಉಕ್ಕಿಗೆ ರೇಷನ್ ಇದ್ದ ಕಾಲ, ಹಾಗಾಗಿ ಅದರ ಮೈಗೆ ಅಲ್ಯುಮಿನಿಯಂ ತಗಡು. ಅದಕ್ಕೂ ಒಂದು ವರ್ಷ ಮೊದಲೇ ಮುಂಬೈಯಲ್ಲಿ ಮಹೀಂದ್ರಾದವರು ವಿಲ್ಲೀಸ್ ಜೀಪು ಜೋಡಿಸಲು ಹಿಡಿದಿದ್ದರು. ಜಪಾನಿನವರ ಸರದಿ ಬಂದದ್ದು 1950ರಲ್ಲಿ ಕೊರಿಯಾ ಯುದ್ಧ ಶುರುವಾದಾಗ. ಟೊಯೋಟಾದವರು ಟ್ರಕ್ಕಿನ ಆರು ಸಿಲಿಂಡರಿನ ಎಂಜಿನ್ನನ್ನು ಜೀಪಿನಂಥ ಮೈಯೊಳಗೆ ಕೂರಿಸಿ 1951ರಲ್ಲಿ ಬಿಜೆ ಅನ್ನುವ ಗಾಡಿ ಮಾಡಿದರು. ಇಚಿರೋ ತೈರಾ ಅನ್ನುವ ಚಾಲಕ ಅದನ್ನು ಫ್ಯೂಜಿ ಪರ್ವತದ ಆರನೇ ತಂಗುದಾಣದವರೆಗೆ ಹತ್ತಿಸಿ ತೋರಿಸಿದ. ಅಲ್ಲಿಯತನಕ ಯಾವ ಗಾಡಿಯೂ ಏರಿರಲಿಲ್ಲ. ಜಪಾನಿನ ಪೊಲೀಸರು ಆ ಗಾಡಿಯನ್ನೇ ತಮಗೆ ಆರಿಸಿಕೊಂಡರು. ಜೀಪ್ ಅನ್ನುವ ಹೆಸರಿನ ಹಕ್ಕು ವಿಲ್ಲೀಸಿನವರದು, ಬಳಸುವ ಹಾಗಿರಲಿಲ್ಲ. ಅತ್ತ ಲ್ಯಾಂಡ್ ರೋವರಿಗಿಂತ ಸಣ್ಣದಾಗಿಯೂ ಕೇಳಬಾರದು. 1954ರಲ್ಲಿ ಲ್ಯಾಂಡ್ ಕ್ರೂಸರ್ ಅಂತ ಇಟ್ಟರು.

ಅಜ್ಜನ ಅಪ್ಪ ಸ್ನೋಯಿ ಮೌಂಟೇನ್ಸ್ ವಿದ್ಯುತ್ ಯೋಜನೆಯಲ್ಲಿ ದುಡಿದವನಂತೆ. 1949ರಿಂದ 1974ರವರೆಗೆ ನಡೆದ ಕೆಲಸ ಅದು. ಬೆಟ್ಟ ಕೊರೆದು ನದಿ ತಿರುಗಿಸಿದರು. ಮೊದಮೊದಲು ಅಲ್ಲಿ ಲ್ಯಾಂಡ್ ರೋವರುಗಳದ್ದೇ ರಾಜ್ಯ. 50ರ ದಶಕದ ಕೊನೆಗೆ ಗುತ್ತಿಗೆದಾರ ಲೆಸ್ ಥೀಸ್ ಜಪಾನಿನಿಂದ ಲ್ಯಾಂಡ್ ಕ್ರೂಸರುಗಳನ್ನು ತರಿಸಿದ. ಯುದ್ಧದ ಗಾಯ ಆರದ ದೇಶಕ್ಕೆ ಜಪಾನಿ ಗಾಡಿ! ಅಪ್ಪ ಮೊದಲ ವಾರ ಅದನ್ನು ಮುಟ್ಟಲೇ ಇಲ್ಲ, ಎರಡನೇ ವಾರ ಅದರಿಂದ ಇಳಿಯಲಿಲ್ಲ ಅಂದ ಅಜ್ಜ. ಮತ್ತೆ ಇಲ್ಲಿ ಎಲ್ಲರ ಬಾಯಲ್ಲೂ ಇರುವ ಮಾತು ಹೇಳಿದ: ಕಾಡಿನೊಳಗೆ ಹೋಗಬೇಕೆಂದರೆ ಲ್ಯಾಂಡ್ ರೋವರ್ ತಗೋ, ತಿರುಗಿ ಬರಬೇಕೆಂದರೆ ಲ್ಯಾಂಡ್ ಕ್ರೂಸರ್ ತಗೋ. ನಾನು ನಗಲಿಲ್ಲ. 2008ರಿಂದ ಲ್ಯಾಂಡ್ ರೋವರ್ ನಮ್ಮ ಟಾಟಾದವರದು, ಮನೆ ಮಂದಿಯ ಮೇಲೆ ಹೊರಗಿನವರು ಆಡಿದರೆ ಕೇಳಿ ನಗಲಾಗುತ್ತದೆಯೇ?

ಅಜ್ಜನ ಟ್ರೂಪಿ 1993ರದು. ಆರು ಲಕ್ಷ ಕಿಲೋಮೀಟರು ದಾಟಿದೆ. ಒಳಗಿರುವುದು 4.2 ಲೀಟರಿನ ಡೀಸೆಲ್ ಎಂಜಿನ್, ಟರ್ಬೊ ಇಲ್ಲ, ಕಂಪ್ಯೂಟರ್ ಇಲ್ಲ. ಏರು ಬಂದರೆ ಲಾರಿಗೂ ದಾರಿ ಬಿಡಬೇಕು. ಅದರ ಬಾಳಿಕೆಯ ಗುಟ್ಟು ಆ ನಿಧಾನದಲ್ಲೇ ಇದೆ ಅಂತ ಫಿಟ್ಟರ್ ಆಗಿ ನನ್ನ ಎಣಿಕೆ. ದೊಡ್ಡ ಎಂಜಿನ್ನಿನಿಂದ ಸಣ್ಣ ಕೆಲಸ ತೆಗೆದರೆ ಯಾವ ಭಾಗವೂ ಉಸಿರು ಕಟ್ಟಿ ದುಡಿಯುವುದಿಲ್ಲ. ಕೆಳಗೆ ಏಣಿಯಂಥ ಉಕ್ಕಿನ ಚಾಸಿ, ಅದರ ಮೇಲೆ ಬೇರೆಯೇ ಕೂರಿಸಿದ ಮೈ. 1984ರಲ್ಲಿ ಬಂದ ಈ 70ರ ಸರಣಿಯ ಗಾಡಿಗಳನ್ನು ಟೊಯೋಟಾ ಇವತ್ತಿಗೂ ತಯಾರಿಸುತ್ತದೆ. ಲ್ಯಾಂಡ್ ಕ್ರೂಸರ್ ಕನಿಷ್ಠ 25 ವರ್ಷ ಬಾಳಬೇಕು ಅನ್ನುವುದು ಅದನ್ನು ಕಟ್ಟುವವರ ಲೆಕ್ಕ.

ಹುಳುಕಿಲ್ಲ ಅಂತಲ್ಲ. 2007ರಲ್ಲಿ ಈ 70ರ ಸರಣಿಗೆ ಎಂಟು ಸಿಲಿಂಡರಿನ ವಿ8 ಎಂಜಿನ್ ಹಾಕಲು ಮುಂದಿನ ಗಾಲಿಗಳ ನಡುವಿನ ಅಂತರ ಹೆಚ್ಚಿಸಿದರು, ಹಿಂದಿನದನ್ನು ಹಾಗೇ ಬಿಟ್ಟರು. ಮರಳಿನಲ್ಲಿ ಮುಂದಿನ ಗಾಲಿ ಒಂದು ಜಾಡು, ಹಿಂದಿನದು ಇನ್ನೊಂದು. ಎರಿ ಹೊಲದ ಕೆಸರಿನಲ್ಲಿ ಬಂಡಿ ಹೊಡೆದ ಯಾವ ರೈತನನ್ನು ಕೇಳಿದ್ದರೂ ಬ್ಯಾಡ ಅನ್ನುತ್ತಿದ್ದ. ಇನ್ನು 2015ರಿಂದ 2020ರ ನಡುವೆ ಇಲ್ಲಿ ಮಾರಿದ ಟೊಯೋಟಾದ ಡೀಸೆಲ್ ಹೈಲಕ್ಸ್, ಫಾರ್ಚೂನರ್, ಪ್ರಾಡೊಗಳಲ್ಲಿ ಹೊಗೆ ಸೋಸುವ ಫಿಲ್ಟರಿನ ವ್ಯವಸ್ಥೆಯೇ ದೋಷದ್ದು ಅಂತ 2022ರಲ್ಲಿ ಫೆಡರಲ್ ಕೋರ್ಟ್ ತೀರ್ಪು ಕೊಟ್ಟಿತು. ಗಾಡಿಗಳ ಲೆಕ್ಕ ಎರಡೂವರೆ ಲಕ್ಷ ಮೀರಿತ್ತು. ಹೆಸರಿಗೆ ಮರುಳಾಗಿ ಕಣ್ಣುಮುಚ್ಚಿ ಕೊಳ್ಳುವ ಹಾಗೇನೂ ಇಲ್ಲ.

"ಇದು ಎಂದೂ ನಿಂತಿಲ್ಲೇನು?" ಅಂತ ಕೇಳಿದೆ.

"ನಿಂತೈತಿ. ಆದ್ರ ನಿಂತಾಗ ಯಾಕ ನಿಂತತಿ ಅಂತ ಗೊತ್ತಾಗತೈತಿ. ಮತ್ತ ಮುಂದಿನ ಊರಾಗ ಸಾಮಾನು ಸಿಗತೈತಿ."

ನನಗೆ ಕಾಕಾ ನೆನಪಾದ. ಕಾಕಾನ ಹಳೆ ಜೀಪಿನ ಸೀಟಿನ ಕೆಳಗೆ ಒಂದು ಸುತ್ತು ಬೈಂಡಿಂಗ್ ತಂತಿ, ಹರಿದ ಟ್ಯೂಬಿನ ಪಟ್ಟಿಗಳು, ಅರ್ಧ ಬಟ್ಟೆ ಸಾಬೂನು ಇರುತ್ತಿದ್ದವು. ಡೀಸೆಲ್ ಟ್ಯಾಂಕು ಜಿನುಗಿದರೆ ಸಾಬೂನು ತಿಕ್ಕಿ ಮೆತ್ತುವುದು. ಒಮ್ಮೆ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೊರಟಾಗ ರೇಡಿಯೇಟರ್ ಸೋರತೊಡಗಿತು. ಸಣ್ಣ ತೂತಿಗೆ ಅರಿಷಿಣ ಪುಡಿ ಹಾಕಿದರೆ ನಿಲ್ಲುತ್ತದೆ, ಎಲ್ಲ ಡ್ರೈವರುಗಳಿಗೂ ಗೊತ್ತು. ಆ ಬಯಲಲ್ಲಿ ಅರಿಷಿಣ ಎಲ್ಲಿಂದ ತರಬೇಕು? ಕಾಕಾ ಸೀದಾ ಅವ್ವನ ಮಡಿಲಲ್ಲಿದ್ದ ಭಂಡಾರದ ಚೀಲಕ್ಕೆ ಕೈ ಹಾಕಿದ. "ಏ, ಅದು ದೇವರದು!" ಅಂತ ಅವ್ವ ಚೀರಿದಳು. "ನಾವೂ ಆಕಿ ಕಡೆನ ಹೊಂಟೇವಿ ವೈನಿ, ಅಕಿದು ಅಕಿಗೇ ಮುಟ್ಟತೈತಿ," ಅಂದವನೇ ಎರಡು ಹಿಡಿ ರೇಡಿಯೇಟರಿಗೆ ಸುರಿದ. ಜೀಪು ಗುಡ್ಡ ಹತ್ತಿತು. ಅವ್ವ ಮೇಲೆ ಮುಟ್ಟಿ "ಉಧೋ ಉಧೋ" ಅನ್ನುವವರೆಗೂ ಕಾಕಾನ ಜೊತೆ ಮಾತಾಡಲಿಲ್ಲ.

ಇದನ್ನು ಹೇಳಿದಾಗ ಅಜ್ಜ ಸ್ಟೀರಿಂಗ್ ಬಡಿದು ಬಡಿದು ನಕ್ಕ. ಅವರು ತತ್ತಿ ಒಡೆದು ಹಾಕುತ್ತಿದ್ದರಂತೆ.

ಭಾರತದಲ್ಲಿ ಟೊಯೋಟಾ ಮಾಡುವವರು ಯಾರು ಅಂತ ಮುಂದೆ ಕೇಳಿದ. ಟೊಯೋಟಾ ಕಿರ್ಲೋಸ್ಕರ್ ಅಂದೆ. ಹಿಂದಿನಿಂದ ಮಗಳು, "ಕಿರ್ಲೋಸ್ಕರ್ ಅಂದ್ರ ಜಪಾನೀ ಹೆಸರಾ ಅಪ್ಪಾ?" ಅಂದಳು. ಸ್ವಲ್ಪ ಚುಚ್ಚಿತು. ಅವಳದೇನು ತಪ್ಪು, ಹೇಳಿಕೊಟ್ಟವರ್ಯಾರು? ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು 1869ರಲ್ಲಿ ನಮ್ಮದೇ ಜಿಲ್ಲೆಯ ಗುರ್ಲಹೊಸೂರಲ್ಲಿ. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟರು. ಆಮೇಲೆ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ರಂಟಿ, ಅಂದರೆ ನೇಗಿಲು. ಕಬ್ಬಿಣ ತಾಗಿದರೆ ನೆಲಕ್ಕೆ ವಿಷ ಅಂತ ರೈತರು ಮೊದಲು ಮುಟ್ಟಲಿಲ್ಲವಂತೆ. ನನ್ನ ಅಜ್ಜನ ಕಾಲಕ್ಕೆ 'ಕಿರ್ಲೋಸ್ಕರ ರಂಟಿ' ಅಂದರೆ ಪ್ರಮಾಣ ಮಾಡಿದ ಹಾಗೆ. ಆದರೆ ಊರು ಬೆಳೆಸಲು ಜಾಗ ಬೇಕೆಂದು ಅವರ ಕಾರ್ಖಾನೆಯನ್ನು ಬೆಳಗಾವಿ ಎಬ್ಬಿಸಿತು. ಔಂಧ ಸಂಸ್ಥಾನದ ರಾಜ ಕರೆದು ಬಂಜರು ನೆಲ ಕೊಟ್ಟ. 1910ರಲ್ಲಿ ಹುಟ್ಟಿದ ಆ ಕಿರ್ಲೋಸ್ಕರವಾಡಿ, ಪುಣೆ ರೈಲಿನಲ್ಲಿ ಮಿರಜ ದಾಟಿದ ಮೇಲೆ ಕಿಟಕಿಯಲ್ಲಿ ಕಾಣುತ್ತದೆ. ಅದೇ ಮನೆತನ 1997ರಲ್ಲಿ ಟೊಯೋಟಾ ಜೊತೆ ಕೈಜೋಡಿಸಿತು, ಕಾರ್ಖಾನೆ ಬಿಡದಿಗೆ ಹೋಯಿತು. ನಾನು ಬೆಳಗಾವಿಯ ಉದ್ಯಮಬಾಗದ ಮಷೀನ್ ಶಾಪಿನಲ್ಲಿ ಕೆಲಸ ಕಲಿತವನು. ಎಷ್ಟು ಒಳ್ಳೆಯ ಕೈಗಳಿದ್ದವು ಅಲ್ಲಿ ಅಂತ ನನಗೆ ಗೊತ್ತು. ಹೆಚ್ಚು ಹೇಳಿದರೆ ಹೊಟ್ಟೆಕಿಚ್ಚು ಅನ್ನಿಸಿಕೊಳ್ಳುತ್ತದೆ, ಬಿಡಿ.

ಮನೆ ಮುಟ್ಟಿದಾಗ ಕತ್ತಲಾಗಿತ್ತು. ಅಜ್ಜನಿಗೆ ಚಹಾ ಕೊಟ್ಟು, ಇನ್ನು ಮುಚ್ಚಿಡುವುದು ಬ್ಯಾಡ ಅಂತ ನಮ್ಮ ಕ್ರೂಸರಿನ ಫೋಟೊ ತೋರಿಸಿದೆ. ತಂಗಿಯ ಲಗ್ನಕ್ಕೆ ಮೊದಲು ಗುಡ್ಡಕ್ಕೆ ಹೋದಾಗ ಜೋಗುಳಬಾವಿ ಹತ್ತಿರ ತೆಗೆದದ್ದು. ಬಾಗಿಲು ತೆರೆದಿದೆ, ಒಳಗೆ ಬೆಂಚಿನ ಮೇಲೆ, ತೊಡೆಯ ಮೇಲೆ, ನಡುವಿನ ಚೀಲಗಳ ಮೇಲೆ ಜನ. ಮೇಲೆ ಕ್ಯಾರಿಯರಿನಲ್ಲಿ ಪಾತ್ರೆ, ಪಡಲಗಿ, ಒಬ್ಬ ಹುಡುಗ. ಹಿಂದಿನ ಏಣಿಗೆ ಜೋತುಬಿದ್ದು ಹಲ್ಲು ಕಿರಿಯುತ್ತಿರುವವನು ನಾನು.

ಅಜ್ಜ ಕನ್ನಡಕ ಹಾಕಿಕೊಂಡ. ನಗುತ್ತಾನೆ ಅಂದುಕೊಂಡಿದ್ದೆ. ಬೆರಳಿಟ್ಟು ಒಬ್ಬೊಬ್ಬರನ್ನೇ ಎಣಿಸಿದ. ಇಪ್ಪತ್ತೊಂದು.

"ಇಷ್ಟೂ ಮಂದಿ ಒಂದ ಮನಿಯವರೇನು?"

'ನನ್ನ ಟ್ರೂಪಿಯಲ್ಲಿ ಹನ್ನೊಂದು ಸೀಟು, ಕೂರುವವರು ನಾನು ಮತ್ತು ನಾಯಿ' ಅಂತ ಅವನು ಹೇಳಲಿಲ್ಲ. ಹೇಳುವುದು ಬೇಕಿರಲಿಲ್ಲ. ನಿಜ ಹೇಳಬೇಕೆಂದರೆ ಫೋಟೊದಲ್ಲಿ ನಮ್ಮವರು ಹನ್ನೆರಡು ಮಂದಿ. ಉಳಿದವರು ಪಕ್ಕದ ಮನೆಯವರು, ಡ್ರೈವರ್, ಕ್ಲೀನರ್ ಹುಡುಗ, ಕಾಕಾನ ದೋಸ್ತರು. ದಾರಿಯಲ್ಲಿ ಕೈ ಮಾಡಿ ಹತ್ತಿದ ಇಬ್ಬರು ಹೆಣ್ಣುಮಕ್ಕಳೂ ಇದ್ದಾರೆ. ಅವರ ಹೆಸರನ್ನು ಯಾರೂ ಕೇಳಿರಲಿಲ್ಲ, ಬುತ್ತಿಯ ರೊಟ್ಟಿಯನ್ನು ಮಾತ್ರ ಹಂಚಿಕೊಂಡು ತಿಂದಿದ್ದೆವು.

"ಹೌದು," ಅಂದೆ. "ಒಂದ ಮನಿಯವರು."

ಆ ರಾತ್ರಿ ನಿದ್ದೆ ಬರಲಿಲ್ಲ. ಹದಿಮೂರು ಸೀಟಿನ ಗಾಡಿಗೆ ಇಪ್ಪತ್ತೊಂದು ಮಂದಿ ತುಂಬುವುದು ಹೆಮ್ಮೆಯ ಮಾತಲ್ಲ. ಊರಿನ ಸುದ್ದಿ ನೋಡುತ್ತಾ 'ಕ್ರೂಸರ್ ಪಲ್ಟಿ' ಅನ್ನುವ ಸಾಲು ಬಂದರೆ ನನ್ನ ಹೆಬ್ಬೆರಳು ಇವತ್ತಿಗೂ ಅಲ್ಲೇ ನಿಲ್ಲುತ್ತದೆ, ಊರಿನ ಹೆಸರು ಓದುವತನಕ ಎದೆ ಬಡಿದುಕೊಳ್ಳುತ್ತದೆ. ಹೊತ್ತಿಗೆ ಸರಿಯಾಗಿ ಬಸ್ಸಿದ್ದರೆ ಕೂಲಿಗೆ ಹೋಗುವ ಹೆಣ್ಣುಮಗಳು ಬಾಗಿಲಿಗೆ ಯಾಕೆ ಜೋತುಬೀಳುತ್ತಿದ್ದಳು? ಇದೆಲ್ಲ ಗೊತ್ತು. ಆದರೂ ಅಜ್ಜ ಎಣಿಸಿದ ಆ ಇಪ್ಪತ್ತೊಂದರಲ್ಲಿ ಇವತ್ತು ಊರಲ್ಲಿರುವವರು ಆರು. ಹೋದ ಭಾರತ ಹುಣ್ಣಿಮೆಗೆ ಅಪ್ಪ, ಅವ್ವ ಇಬ್ಬರೇ ಗುಡ್ಡಕ್ಕೆ ಹೋಗಿ ಬಂದರು. "ಬಸ್ಸಿನಾಗ ಆರಾಮ ಕುಂಡ್ರಾಕ ಜಾಗ ಸಿಕ್ಕಿತ್ತು," ಅಂದಳು ಅವ್ವ ಫೋನಿನಲ್ಲಿ. ಜಾಗ ಸಿಕ್ಕಿದ್ದನ್ನು ಅಷ್ಟು ಬೇಸರದಿಂದ ಯಾರಾದರೂ ಹೇಳಿದ್ದನ್ನು ನಾನು ಕೇಳಿರಲಿಲ್ಲ.

ನನ್ನ ಕಾರು ಹತ್ತು ದಿನದ ಮೇಲೆ ಬಂತು. ಕೆಟ್ಟಿದ್ದದ್ದು ಹೆಬ್ಬೆರಳಿನಷ್ಟು ದೊಡ್ಡ ಸೆನ್ಸರ್.

ಮೊನ್ನೆ ಭಾನುವಾರ ಅಜ್ಜ ಮರಳುಗಾಡಿನ ಕಡೆ ಹೊರಟಿದ್ದ. ನಾವೂ ಬರುತ್ತೇವೆಂದೆವು, ಕಾರು ಮನೆಯಲ್ಲೇ ಬಿಟ್ಟು. ಎದುರು ಮನೆಯ ಫಿಲಿಪಿನೋ ದಂಪತಿಗಳೂ, ಅವರ ಎರಡು ಮಕ್ಕಳೂ ಹತ್ತಿದರು. ನಾಯಿಗೆ ಜಾಗ ಸಾಲದೆ ಅದು ನನ್ನ ಹೆಂಡತಿಯ ಕಾಲ ಮೇಲೆ ಮಲಗಿತು. ಊರಿಂದ ಕಾಕಾ ಕಳಿಸಿದ ಜಾತ್ರೆಯ ವಿಡಿಯೋಗಳನ್ನು ಮಗಳು ವಾರವಿಡೀ ನೋಡಿದ್ದಳು. ಎಲ್ಲರೂ ಹತ್ತಿದ್ದಾರೋ ಇಲ್ಲವೋ ಅಂತ ಕೆಳಗೆ ನಿಂತು ಒಮ್ಮೆ ಬಗ್ಗಿ ನೋಡಿದಳು, ಟಣ್ಣನೆ ಹಾರಿ ಒಳಗೆ ಬಂದು ಹಿಂದಿನ ಬಾಗಿಲು ಎಳೆದುಕೊಂಡಳು. ಆಮೇಲೆ ಕಿಟಕಿಯಿಂದ ಕೈ ಹೊರಹಾಕಿ ಟ್ರೂಪಿಯ ತಗಡಿಗೆ ಎರಡು ಸಲ ಬಡಿದಳು.

"ಹೋಗ್ಲೀ, ರೈಟ್!"

ಏನು ತಿಳಿಯಿತೋ, ಅಜ್ಜ ಗೇರ್ ಹಾಕಿದ.